ಬ್ಯಾಟರಿಯೋ, ಜನರೇಟರೋ? ಬಿಸಿಲು ಸೀಮೆಯಲ್ಲಿ ಬದಲಿ ವಿದ್ಯುತ್ತಿನ ಆಯ್ಕೆ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸ ಸಂಗತಿಯೇನಲ್ಲ. ಅಂಥ ಮಧ್ಯಾಹ್ನದಲ್ಲಿ ವಿದ್ಯುತ್ ಕೈಕೊಟ್ಟರೆ ನಿಲ್ಲುವುದು ಫ್ಯಾನು ಮಾತ್ರವಲ್ಲ. ಔಷಧ ಅಂಗಡಿಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್, ಗ್ರಾಮ ಒನ್ ಕೇಂದ್ರದ ಕಂಪ್ಯೂಟರ್, ಪರಸಿ ಕಲ್ಲು ಕೊಯ್ಯುವ ಯಂತ್ರ, ಮನೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಆಶ್ರಯಿಸಿ ಮಲಗಿರುವ ಹಿರಿಯರ ಉಸಿರು ಎಲ್ಲವೂ ಅದೇ ತಂತಿಗೆ ಜೋತುಬಿದ್ದಿವೆ. ಬದಲಿ ವ್ಯವಸ್ಥೆ ಬೇಕೇ ಎಂಬುದು ಈಗ ಪ್ರಶ್ನೆಯಾಗಿ ಉಳಿದಿಲ್ಲ. ಬ್ಯಾಟರಿ ಸಹಿತ ಇನ್ವರ್ಟರ್ ಕೊಳ್ಳಬೇಕೋ, ಡೀಸೆಲ್ ಇಲ್ಲವೇ ಪೆಟ್ರೋಲಿನ ಜನರೇಟರ್ ಕೊಳ್ಳಬೇಕೋ ಎಂಬುದೇ ಪ್ರಶ್ನೆ.

ಮಾರಾಟಗಾರರು ಇದಕ್ಕೆ ತಮ್ಮ ದಾಸ್ತಾನು ನೋಡಿಕೊಂಡು ಉತ್ತರ ಹೇಳುವುದುಂಟು. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಅಲ್ಲಿಯ ಅನುಭವದ ಮೇಲೆ ಸಲಹೆ ಕೊಡುವುದೂ ಉಂಟು. ಆದರೆ 33 ಡಿಗ್ರಿಯ ಊರಿನಲ್ಲಿ ಸರಿಹೋದ ವ್ಯವಸ್ಥೆ 43 ಡಿಗ್ರಿಯ ಊರಿನಲ್ಲಿ ಅಷ್ಟೇ ಕಾಲ ಬಾಳುತ್ತದೆಂದು ನಂಬುವಂತಿಲ್ಲ. ಯಾವ ಯಂತ್ರ ಒಳ್ಳೆಯದು ಎಂದು ಕೇಳುವ ಮೊದಲು ಏನು ನಿಲ್ಲಬಾರದು, ಎಷ್ಟು ಹೊತ್ತು ನಿಲ್ಲಬಾರದು, ಯಂತ್ರವಿಡುವ ಜಾಗ ಎಷ್ಟು ಕಾಯುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಕರೆಂಟ್ ಹೋಗುವ ಬಗೆ

ಒಂದು ಕಾಲದಲ್ಲಿ ವಿದ್ಯುತ್ ಕಡಿತವೆಂದರೆ ಉತ್ಪಾದನೆಯ ಕೊರತೆ ಎಂದೇ ಅರ್ಥವಿತ್ತು. ನೆರೆಯ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಘಟಕವೊಂದು ಕೆಟ್ಟರೆ ರಾಜ್ಯವೆಲ್ಲ ಕತ್ತಲೆಯ ಲೆಕ್ಕ ಹಾಕುತ್ತಿತ್ತು. ದಕ್ಷಿಣ ಭಾರತದ ವಿದ್ಯುತ್ ಜಾಲ ಆಗ ದೇಶದ ಉಳಿದ ಜಾಲದೊಡನೆ ಪೂರ್ಣವಾಗಿ ಬೆಸೆದುಕೊಂಡಿರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತವನ್ನು ಕತ್ತಲೆಗೆ ನೂಕಿದ ಮಹಾವೈಫಲ್ಯ ನಮ್ಮ ಭಾಗವನ್ನು ಮುಟ್ಟದೆ ಹೋದದ್ದು ಈ ಬೇರ್ಪಡಿಕೆಯ ಕಾರಣದಿಂದಲೇ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ನಡುವಿನ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲಕ್ಕೆ ಸೇರಿತು. ಅಲ್ಲಿಂದೀಚೆಗೆ ಹೊರಗಿನ ವಿದ್ಯುತ್ ತರಿಸಿಕೊಳ್ಳುವ ದಾರಿ ಅಗಲವಾಯಿತು. ಹಾಗೆಂದು ಕೊರತೆ ಸಂಪೂರ್ಣ ಹೋಯಿತೆಂದಲ್ಲ. ಮಳೆ ಕೈಕೊಟ್ಟ 2023ರ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗಳಿಗೆ ಕೊಡುವ ವಿದ್ಯುತ್ತನ್ನು ಏಳು ಗಂಟೆಯಿಂದ ಐದು ಗಂಟೆಗೆ ಇಳಿಸಬೇಕಾಗಿ ಬಂದುದನ್ನು ರೈತರು ಮರೆತಿಲ್ಲ.

ಉಳಿದಂತೆ ಇಂದಿನ ಅಡಚಣೆಗಳ ಬಗೆ ಬೇರೆ. ಬೇಸಿಗೆಯ ಗಾಳಿಮಳೆಗೆ ತಂತಿ ಹರಿಯುವುದು, ಹೊರೆ ತಾಳಲಾರದೆ ಪರಿವರ್ತಕ ಸುಡುವುದು, ಪತ್ರಿಕೆಯ ಒಳಪುಟದಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ಶೀರ್ಷಿಕೆಯಡಿ ಬರುವ ನಿರ್ವಹಣಾ ಕೆಲಸ, ಇವೇ ಹೆಚ್ಚು. ಊರೊಳಗಿನ ಮನೆಗಳ ಮಾರ್ಗವನ್ನೂ ಹೊಲದ ಪಂಪುಗಳ ಮಾರ್ಗವನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಹಳ್ಳಿಯ ಮನೆಗಳಿಗೆ ಅನುಕೂಲವಾಯಿತು. ಆದರೆ ಪಂಪಿನ ಮಾರ್ಗಕ್ಕೇ ಅಂಟಿಕೊಂಡಿರುವ ತೋಟದ ಮನೆಗೆ ವಿದ್ಯುತ್ ಇರುವುದು ಪಂಪಿಗೆ ವಿದ್ಯುತ್ ಇರುವಷ್ಟು ಹೊತ್ತು ಮಾತ್ರ. ಶಹಾಬಾದ್ ಪಟ್ಟಣದ ಮನೆಗೂ ಚಂದ್ರಂಪಳ್ಳಿ ಜಲಾಶಯದ ಆಚೆ, ಚಿಂಚೋಳಿ ವನ್ಯಜೀವಿ ಧಾಮದ ಅಂಚಿನಲ್ಲಿರುವ ತಾಂಡಾದ ಮನೆಗೂ ಒಂದೇ ಔಷಧಿ ಹೊಂದುವುದಿಲ್ಲ. ಗುಡ್ಡ, ಕಾಡುಗಳ ನಡುವೆ ಹಾದು ಬರುವ ಮಾರ್ಗದ ಕೊನೆಯಲ್ಲಿ ತಂತಿ ಹರಿದರೆ ಹುಡುಕಿ ಜೋಡಿಸಲು ಹೆಚ್ಚು ಹೊತ್ತು ಹಿಡಿಯುವುದು ಸಹಜ.

ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ತಿಂಗಳು ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಟ್ಟರೆ ಅರ್ಧ ನಿರ್ಧಾರ ಆದಂತೆಯೇ. ದಿನಕ್ಕೆ ನಾಲ್ಕು ಬಾರಿ ಹದಿನೈದು ನಿಮಿಷ ಹೋಗುವುದು ಒಂದು ಬಗೆ. ತಿಂಗಳಿಗೊಮ್ಮೆ ಹತ್ತು ಗಂಟೆ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಬ್ಯಾಟರಿಯನ್ನು ಬಿಟ್ಟರೆ ಬೇರೆ ಮಾತಿಲ್ಲ. ಎರಡನೆಯದಕ್ಕೆ ಬ್ಯಾಟರಿಯೊಂದೇ ಸಾಲದು.

ಬ್ಯಾಟರಿಯ ಮೇಲೆ ಬರೆದದ್ದು, ಕೈಗೆ ಸಿಗುವುದು

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 12 ವೋಲ್ಟಿನ, 150 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲ ಟ್ಯೂಬ್ಯುಲರ್ ಬ್ಯಾಟರಿ. ಕಾಗದದ ಮೇಲೆ ಅದರಲ್ಲಿ 1,800 ವ್ಯಾಟ್-ಅವರ್, ಎಂದರೆ ಹತ್ತಿರ ಹತ್ತಿರ ಎರಡು ಯೂನಿಟ್ ವಿದ್ಯುತ್ ಇದೆ. ಆದರೆ ಆ ಸಾಮರ್ಥ್ಯ ಸಾಮಾನ್ಯವಾಗಿ ಹತ್ತು ಇಲ್ಲವೇ ಇಪ್ಪತ್ತು ಗಂಟೆ ಕಾಲ ನಿಧಾನವಾಗಿ ಬಳಸಿದಾಗ ಸಿಗುವಂಥದು. ಅವಸರದಲ್ಲಿ ಹೀರಿದರೆ ಕಡಿಮೆ ಸಿಗುತ್ತದೆ. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿಯ ಆಯುಷ್ಯ ತಗ್ಗುವುದರಿಂದ ಐದನೆಯ ಒಂದು ಭಾಗವನ್ನಾದರೂ ಉಳಿಸಬೇಕು. ಇನ್ವರ್ಟರ್ ತನ್ನ ಪಾಲಿನ ನಷ್ಟವನ್ನು ಬೇರೆ ಮುರಿದುಕೊಳ್ಳುತ್ತದೆ.

ಸೇಡಂನ ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳಬಹುದು. 75 ವ್ಯಾಟಿನ ಮೂರು ಹಳೆಯ ಫ್ಯಾನ್, 9 ವ್ಯಾಟಿನ ಐದು ಎಲ್‌ಇಡಿ ಬಲ್ಬ್, ಒಂದು ಟಿವಿ, ಇಂಟರ್‌ನೆಟ್ ರೌಟರ್ ಸೇರಿ ಸುಮಾರು 340 ವ್ಯಾಟ್ ಆಗುತ್ತದೆ. ಮೇಲೆ ಹೇಳಿದ ನಷ್ಟಗಳನ್ನೆಲ್ಲ ಕಳೆದರೆ ಹೊಸ ಬ್ಯಾಟರಿಯೂ ಈ ಮನೆಯನ್ನು ನಡೆಸುವುದು ಮೂರು ಗಂಟೆಯ ಆಸುಪಾಸು. ಅದೇ ಮನೆಯ ಫ್ಯಾನುಗಳನ್ನು ತೆಗೆದು ಸುಮಾರು 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿದರೆ ಹೊರೆ 200 ವ್ಯಾಟಿಗೆ ಇಳಿಯುತ್ತದೆ, ಬ್ಯಾಟರಿ ಐದು ಗಂಟೆ ದಾಟುತ್ತದೆ. ಎರಡನೆಯ ಬ್ಯಾಟರಿ ಕೊಳ್ಳುವ ಮುನ್ನ ಫ್ಯಾನು ಬದಲಾಯಿಸುವುದು ಅಗ್ಗ. ಈ ಮಾತನ್ನು ಬ್ಯಾಟರಿ ಅಂಗಡಿಯಲ್ಲಿ ಯಾರೂ ಹೇಳಲಾರರು.

ಬ್ಯಾಟರಿ ತುಂಬಿಸಲು ಹಿಡಿಯುವ ಕಾಲವೂ ಲೆಕ್ಕಕ್ಕೆ ಬರಬೇಕು. ಸೀಸದ ಬ್ಯಾಟರಿ ಪೂರ್ತಿ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕಾಗುತ್ತದೆ. ಹಗಲು ಮೂರು ಸಲ, ರಾತ್ರಿ ಎರಡು ಸಲ ಕರೆಂಟ್ ಹೋಗುವ ದಿನಗಳಲ್ಲಿ ಅದು ತುಂಬುವುದೇ ಇಲ್ಲ. ಅರೆಹೊಟ್ಟೆಯಲ್ಲಿಯೇ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಮರ್ಥ್ಯ ಕುಂದುತ್ತದೆ. ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ದೊಡ್ಡ ಗುಣ ಇಲ್ಲಿಯೇ ಇದೆ. ತಕ್ಕ ಚಾರ್ಜರ್ ಇದ್ದರೆ ಅದು ಮೂರ್ನಾಲ್ಕು ಗಂಟೆಗಳಲ್ಲಿ ತುಂಬುತ್ತದೆ, ಅರ್ಧ ತುಂಬಿ ಬಿಟ್ಟರೂ ಕೆಡುವುದಿಲ್ಲ, ನೀರು ಹಾಕುವ ಗೋಜಿಲ್ಲ, ಸಾವಿರಾರು ಬಾರಿ ತುಂಬಿ ಖಾಲಿಯಾಗುವುದನ್ನು ತಾಳುತ್ತದೆ. 100 ಆಂಪಿಯರ್-ಅವರ್‌ನ ಲೀಥಿಯಂ ಬ್ಯಾಟರಿ ಬಳಕೆಯಲ್ಲಿ 150ರ ಸೀಸದ ಬ್ಯಾಟರಿಗೆ ಸಮ. ಬೆಲೆ ಹೆಚ್ಚು; ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂಬುದೂ ನಿಜ. ಮನೆಯಲ್ಲಿರುವ ಹಳೆಯ ಇನ್ವರ್ಟರಿಗೆ ಇದನ್ನು ಸುಮ್ಮನೆ ಜೋಡಿಸಲಾಗದು. ಆ ಇನ್ವರ್ಟರಿನಲ್ಲಿ ಲೀಥಿಯಂಗೆ ಹೊಂದುವ ಚಾರ್ಜಿಂಗ್ ವ್ಯವಸ್ಥೆ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಬೇಸಿಗೆಯಲ್ಲಿ ‘ಕರೆಂಟ್ ಇದ್ದಾಗಲೂ ಬ್ಯಾಟರಿ ಇಳಿಯುತ್ತದೆ’ ಎಂಬ ದೂರು ಸಾಮಾನ್ಯ. ಬಹಳಷ್ಟು ಸಲ ದೋಷ ಬ್ಯಾಟರಿಯದಲ್ಲ. ಇನ್ವರ್ಟರಿನ ಹಿಂಬದಿಯಲ್ಲಿ ಯುಪಿಎಸ್ ಎಂದೂ ನಾರ್ಮಲ್ ಅಥವಾ ಇಕೋ ಎಂದೂ ಬರೆದ ಸಣ್ಣ ಗುಂಡಿಯೊಂದು ಇರುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದೊಡನೆ ಯಂತ್ರ ಬ್ಯಾಟರಿಗೆ ಹೊರಳುತ್ತದೆ. ವೋಲ್ಟೇಜ್ ಕುಸಿಯುವ ಬೇಸಿಗೆಯ ಸಂಜೆಗಳಲ್ಲಿ ಹೀಗಾದರೆ, ತಂತಿಯಲ್ಲಿ ಕರೆಂಟ್ ಇದ್ದೂ ಮನೆ ನಡೆಯುವುದು ಬ್ಯಾಟರಿಯಲ್ಲಿ. ಕಂಪ್ಯೂಟರ್ ಇಲ್ಲದ ಮನೆಗೆ ಇನ್ನೊಂದು ಸ್ಥಿತಿಯೇ ಸಾಕು.

ಬಿಸಿಲು ತಿನ್ನುವ ಆಯುಷ್ಯ

ಬ್ಯಾಟರಿಯ ಆಯುಷ್ಯವೆಂದು ಪುಸ್ತಿಕೆಯಲ್ಲಿ ಬರೆದ ವರ್ಷಗಳು 25ರಿಂದ 27 ಡಿಗ್ರಿ ಉಷ್ಣಾಂಶವನ್ನು ಗಮನದಲ್ಲಿಟ್ಟು ಹೇಳಿದವು. ಅದಕ್ಕಿಂತ ಸುಮಾರು 10 ಡಿಗ್ರಿ ಏರಿದ ಜಾಗದಲ್ಲಿ ಸೀಸದ ಬ್ಯಾಟರಿಯೊಳಗಿನ ಸವೆತ ಇಮ್ಮಡಿಯಾಗಿ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಒಪ್ಪಿದ ಸ್ಥೂಲ ಲೆಕ್ಕ. ಇಲ್ಲಿ ಎಣಿಕೆಗೆ ಬರುವುದು ಹವಾಮಾನ ಇಲಾಖೆಯ ಉಷ್ಣಾಂಶವಲ್ಲ, ಬ್ಯಾಟರಿ ಕುಳಿತ ಮೂಲೆಯದು. ಮಾಳಿಗೆಯ ಮೇಲಿನ ತಗಡಿನ ಕೋಣೆ, ಮೆಟ್ಟಿಲು ಮೇಲೆ ಮುಗಿಯುವ ಗೂಡು, ಪಶ್ಚಿಮದ ಬಿಸಿಲು ಬೀಳುವ ಪಡಸಾಲೆ, ಇವೆಲ್ಲ ಮೇ ತಿಂಗಳಲ್ಲಿ ಹೊರಗಿನ ನೆರಳಿಗಿಂತ ಹೆಚ್ಚು ಕಾಯುವ ಜಾಗಗಳು. ಕಣ್ಣಿಗೆ ಕಾಣಬಾರದೆಂದು ಬ್ಯಾಟರಿಯನ್ನು ಅಲ್ಲಿಗೆ ಸಾಗಹಾಕುವುದೇ ಹೆಚ್ಚು.

ಈ ಸೀಮೆಯ ಹಳೆಯ ಕಲ್ಲಿನ ಮನೆಗಳು ಈ ವಿಷಯದಲ್ಲಿ ಪುಣ್ಯವಂತ ಮನೆಗಳು. ದಪ್ಪ ಗೋಡೆಯ, ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ ಒಳಕೋಣೆಯ ಉತ್ತರದ ಮೂಲೆ ಮಧ್ಯಾಹ್ನವೂ ತಕ್ಕಮಟ್ಟಿಗೆ ತಂಪಾಗಿರುತ್ತದೆ. ಗಾಳಿ ಆಡುವಂತಿದ್ದರೆ ಬ್ಯಾಟರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗಾಳಿಯ ಮಾತು ಯಾಕೆಂದರೆ, ಸೀಸದ ಬ್ಯಾಟರಿ ತುಂಬುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ. 4 ಮುಟ್ಟಿದರೆ ಕಿಡಿ ತಗುಲಿ ಹೊತ್ತಿಕೊಳ್ಳಬಲ್ಲದು. ದೇವರ ದೀಪ, ಅಡುಗೆಯ ಒಲೆ ಅದರ ಹತ್ತಿರ ಇರಬಾರದು, ಮಲಗುವ ಕೋಣೆಯೂ ಸಲ್ಲದು. ಲೀಥಿಯಂ ಬ್ಯಾಟರಿಗೂ ಬಿಸಿ ಒಳ್ಳೆಯದಲ್ಲ. ಸೀಸಕ್ಕಿಂತ ತಾಳಿಕೆ ಹೆಚ್ಚು ಎನ್ನಬಹುದಷ್ಟೆ.

ಬಿಸಿಗೆ ನೀರು ಬೇಗ ಆರುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಮಟ್ಟ ನೋಡಬೇಕು. ಸುಣ್ಣಕಲ್ಲಿನ ನೆಲವಾದ್ದರಿಂದ ಇಲ್ಲಿಯ ಬೋರ್‌ವೆಲ್ ನೀರು ಗಡಸು. ಕೊಡಪಾನದ ಒಳಮೈಗೆ ಬಿಳಿ ಪೊರೆ ಕಟ್ಟುವ ನೀರು ಬ್ಯಾಟರಿಯ ಫಲಕಗಳನ್ನು ಕೆಡಿಸದೆ ಬಿಟ್ಟೀತೆ? ಕುಡಿಯುವ ನೀರಿನ ಘಟಕದ ಆರ್‌ಒ ನೀರಿನಲ್ಲೂ ಲವಣದ ಅಂಶ ಉಳಿದಿರುತ್ತದೆ. ಬಾಟಲಿಯ ಡಿಸ್ಟಿಲ್ಡ್ ವಾಟರ್ ಒಂದೇ ಸರಿ. ಸಿಮೆಂಟ್ ಕಾರ್ಖಾನೆ, ಕಲ್ಲುಗಣಿಗಳ ಧೂಳು ಬ್ಯಾಟರಿಯ ಮೇಲೆ ಕೂತು, ತೇವ ಸೇರಿದಾಗ ಎರಡು ಟರ್ಮಿನಲ್‌ಗಳ ನಡುವೆ ಸಣ್ಣಗೆ ಕರೆಂಟ್ ಸೋರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಟರ್ಮಿನಲ್‌ಗೆ ವ್ಯಾಸಲಿನ್ ಸವರಿದರೆ ಸಾಕು.

ಜನರೇಟರ್ ನಿಜವಾಗಿ ಎಷ್ಟು ಕುಡಿಯುತ್ತದೆ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್‌ನಷ್ಟು ಶಕ್ತಿ ಇದೆ. ಸಣ್ಣ ಜನರೇಟರ್ ಅದನ್ನು ವಿದ್ಯುತ್ತಾಗಿ ಮಾಡಿಕೊಡುವುದು ತಕ್ಕ ಹೊರೆ ಇದ್ದಾಗ ಮೂರು ಯೂನಿಟ್‌ನಷ್ಟು. ಉಳಿದದ್ದು ಶಾಖವಾಗಿ, ಹೊಗೆಯಾಗಿ ಹೋಗುತ್ತದೆ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ಯೂನಿಟ್ಟಿಗೆ 30 ರೂಪಾಯಿ ಇಂಧನದ್ದೇ ಆಯಿತು. ಜೆಸ್ಕಾಂ ತಂತಿಯಲ್ಲಿ ಬರುವ ಗೃಹಬಳಕೆಯ ವಿದ್ಯುತ್ತಿಗೆ ಇದು ಸುಮಾರು ಐದು ಪಟ್ಟು.

ಹೊರೆ ಕಡಿಮೆಯಾದರೆ ಲೆಕ್ಕ ಇನ್ನೂ ಕೆಡುತ್ತದೆ. ಐದು ಕೆವಿಎ ಡೀಸೆಲ್ ಸೆಟ್ ಇಟ್ಟುಕೊಂಡು ಮೇಲೆ ಹೇಳಿದ 340 ವ್ಯಾಟಿನ ಮನೆಯನ್ನು ನಡೆಸುವವರು ಉಂಟು. ಎಂಜಿನ್ನು ಖಾಲಿ ತಿರುಗಲಿಕ್ಕೇ ಗಂಟೆಗೆ ಅರ್ಧ ಲೀಟರಿನ ಮೇಲೆ ಬೇಡುವುದರಿಂದ, ಮೂರು ಫ್ಯಾನು ತಿರುಗಿಸಲು ಗಂಟೆಗೆ 50-60 ರೂಪಾಯಿ ಸುಡುತ್ತದೆ. ಯೂನಿಟ್ ಲೆಕ್ಕಕ್ಕೆ ತಂದರೆ 150 ರೂಪಾಯಿ ದಾಟುತ್ತದೆ. ಅಲ್ಲದೆ ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡಿಸಿದ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಪೂರ್ತಿ ಉರಿಯದೆ ಮಸಿ, ಎಣ್ಣೆ ಜಿಡ್ಡು ಕಟ್ಟುತ್ತದೆ. ಸಣ್ಣ ಹೊರೆಗೆ ದೊಡ್ಡ ಜನರೇಟರ್ ಇಡುವುದು ಎರಡು ಬಗೆಯ ನಷ್ಟ.

ಹಾಗಾದರೆ ಬ್ಯಾಟರಿ ಅಗ್ಗವೇ? ನೇರವಾಗಿ ಹೌದೆನ್ನಲಾಗದು. ಹದಿನೈದು ಸಾವಿರ ರೂಪಾಯಿಯ ಬ್ಯಾಟರಿ ನಾಲ್ಕು ವರ್ಷ ಬಾಳಿ, ದಿನಕ್ಕೆ ಒಂದು ಗಂಟೆ ಅದೇ ಮನೆಯನ್ನು ನಡೆಸಿತೆನ್ನೋಣ. ನಾಲ್ಕು ವರ್ಷದಲ್ಲಿ ಅದು ಕೊಟ್ಟದ್ದು ಸುಮಾರು 500 ಯೂನಿಟ್. ಬ್ಯಾಟರಿಯ ಬೆಲೆಯೊಂದೇ ಯೂನಿಟ್ಟಿಗೆ 30 ರೂಪಾಯಿ ಬೀಳುತ್ತದೆ, ತುಂಬಿಸಿದ ವಿದ್ಯುತ್ತಿನ ಖರ್ಚು ಬೇರೆ. ತಗಡಿನ ಕೋಣೆಯಲ್ಲಿಟ್ಟು ಎರಡೇ ವರ್ಷಕ್ಕೆ ಅದು ಕೈಕೊಟ್ಟರೆ 60 ರೂಪಾಯಿ. ಜನರೇಟರಿನ ಖರ್ಚು ಓಡಿದ ಗಂಟೆಯ ಮೇಲೆ ಬೀಳುತ್ತದೆ, ಬ್ಯಾಟರಿಯ ಖರ್ಚು ಕಳೆದ ವರ್ಷದ ಮೇಲೆ ಬೀಳುತ್ತದೆ. ವರ್ಷಕ್ಕೆ ಹತ್ತು ದಿನ ಮಾತ್ರ ಬೇಕಾಗುವ ಭಾರೀ ಹೊರೆಗೆ ಬ್ಯಾಟರಿ ಕೊಳ್ಳುವುದು ಈ ಕಾರಣಕ್ಕಾಗಿಯೇ ಜಾಣತನವಲ್ಲ. ದಿನವೂ ಬೇಕಾಗುವ ಸಣ್ಣ ಹೊರೆಗೆ ಜನರೇಟರ್ ಕೊಳ್ಳುವುದೂ ಅಲ್ಲ.

ಗೃಹಜ್ಯೋತಿ ಫಲಾನುಭವಿಗಳು ಇನ್ನೊಂದನ್ನು ಗಮನಿಸಬೇಕು. ಈ ಯೋಜನೆಯಲ್ಲಿ 200 ಯೂನಿಟ್ ಎಂಬುದು ಗರಿಷ್ಠ ಮಿತಿ. ಪ್ರತಿ ಮನೆಯ ಅರ್ಹತೆ ಅದರ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ ನಿಗದಿಯಾಗಿರುತ್ತದೆ. ಸುಮ್ಮನೆ ಗೋಡೆಗೆ ಜೋಡಿಸಿಟ್ಟ ಇನ್ವರ್ಟರ್ ಕೂಡ ತಿಂಗಳಿಗೆ ಹತ್ತು ಹದಿನೈದು ಯೂನಿಟ್ ಎಳೆಯಬಲ್ಲದು. ಹೊಸದಾಗಿ ಇನ್ವರ್ಟರ್ ತಂದ ಮನೆಯ ಬಿಲ್ಲಿನಲ್ಲಿ ಇದ್ದಕ್ಕಿದ್ದಂತೆ ಹಣ ಕಾಣಿಸಿಕೊಂಡರೆ ಮೀಟರನ್ನು ದೂರುವ ಮೊದಲು ಇದನ್ನು ನೋಡಬಹುದು.

ಜನರೇಟರಿಗೂ ಈ ಸೀಮೆಯ ಬಿಸಿಲು ಸೇರದು. ಗಾಳಿ ಬಿಸಿಯಾದಷ್ಟೂ ಅದರ ಸಾಂದ್ರತೆ ಕಡಿಮೆ, ಎಂಜಿನ್ನಿನ ಬಲವೂ ಕಡಿಮೆ. 40 ಡಿಗ್ರಿಯ ಮೇಲೆ ಎಷ್ಟು ಸಾಮರ್ಥ್ಯ ಕಳೆಯಬೇಕೆಂಬ ಕೋಷ್ಟಕವನ್ನು ತಯಾರಕರು ಕೊಡುತ್ತಾರೆ, ಕೇಳಿ ಪಡೆಯಬೇಕು. ಮೋಟರ್ ಹೊರೆಯಿದ್ದರೆ ಇದು ಇನ್ನಷ್ಟು ಮುಖ್ಯ. ನೇರ ಸ್ಟಾರ್ಟರಿನ ಮೋಟರ್ ಹೊರಡುವಾಗ ತನ್ನ ನಡೆಯುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ತೊಗರಿ ಬೇಳೆ ಮಿಲ್ಲು, ಹಿಟ್ಟಿನ ಗಿರಣಿ, ಕಲ್ಲು ಪಾಲಿಶ್ ಯಂತ್ರಗಳಿಗೆ ಮೋಟರಿನ ಎರಡರಿಂದ ಎರಡೂವರೆ ಪಟ್ಟು ಸಾಮರ್ಥ್ಯದ ಜನರೇಟರ್ ಬೇಕೆನ್ನುವುದು ಈ ಕಾರಣಕ್ಕೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಅಷ್ಟು ಬೇಡ. ಧೂಳಿನ ಊರಿನಲ್ಲಿ ಏರ್ ಫಿಲ್ಟರನ್ನು ಪುಸ್ತಿಕೆಯಲ್ಲಿ ಹೇಳಿದ ಅವಧಿಗಿಂತ ಮೊದಲೇ ಬಿಚ್ಚಿ ನೋಡಬೇಕು.

800 ಕಿಲೊವ್ಯಾಟ್‌ವರೆಗಿನ ಹೊಸ ಜನರೇಟರ್‌ಗಳಿಗೆ 2023ರ ಜುಲೈ 1ರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಸ ಹೊಗೆ ಮಾನದಂಡಗಳು ಅನ್ವಯವಾಗಿವೆ. ಇವುಗಳಿಂದ ಹೊಗೆ ಇಳಿದಿದೆ, ಬೆಲೆ ಏರಿದೆ. ಅದರಿಂದಾಗಿ ಹಳೆಯ ಸೆಟ್ಟುಗಳತ್ತ ಕಣ್ಣು ಹಾಯುವುದು ಸಹಜ. ಕೊಳ್ಳುವವರು ಶಬ್ದ ತಡೆಯುವ ಪೆಟ್ಟಿಗೆ ಇದೆಯೇ ಎಂದಾದರೂ ನೋಡಬೇಕು. ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಎಂಬ ಮಿತಿ ಇಪ್ಪತ್ತು ವರ್ಷಗಳಿಂದಲೇ ಜಾರಿಯಲ್ಲಿದೆ. ಅಂಗಡಿ ಸಾಲಿನಲ್ಲಿ ಅದನ್ನು ಯಾರೂ ಅಳೆಯುವುದಿಲ್ಲ ಎಂಬುದು ಬೇರೆ ಮಾತು.

ಕಾರ್ಖಾನೆ ಮತ್ತು ರೈಲು ಕಲಿಸುವ ಪಾಠ

ಬ್ಯಾಟರಿಯೋ ಜನರೇಟರೋ ಎಂಬ ಪ್ರಶ್ನೆಯನ್ನು ಈ ಸೀಮೆಯ ದೊಡ್ಡ ಸಂಸ್ಥೆಗಳು ಬಹಳ ಹಿಂದೆಯೇ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ವಾಡಿ, ಸೇಡಂ, ಮಳಖೇಡಗಳಲ್ಲಿ ಸುಣ್ಣಕಲ್ಲನ್ನು ಸುಡುವ ಉರುಳುಗೂಡುಗಳಿವೆ. ಇಂಥ ಗೂಡಿನೊಳಗೆ ಸರಕು 1,450 ಡಿಗ್ರಿಯ ಆಸುಪಾಸು ಕಾಯುತ್ತದೆ. ಉರಿ ಇರುವಾಗ ಗೂಡು ತಿರುಗುವುದನ್ನು ನಿಲ್ಲಿಸಿದರೆ ಅದರ ಉಕ್ಕಿನ ಕೊಳವೆ ತನ್ನ ಭಾರಕ್ಕೇ ಬಾಗಿ ಹಾಳಾಗುತ್ತದೆ. ಆದ್ದರಿಂದ ವಿದ್ಯುತ್ ಹೋದೊಡನೆ ಗೂಡನ್ನು ನಿಧಾನವಾಗಿ ತಿರುಗಿಸುತ್ತಲೇ ಇರಲು ಸಿಮೆಂಟ್ ಗೂಡುಗಳಿಗೆ ಡೀಸೆಲ್ ಎಂಜಿನ್ ಇಲ್ಲವೇ ತುರ್ತು ಜನರೇಟರಿನಿಂದ ನಡೆಯುವ ಸಹಾಯಕ ಚಾಲಕವನ್ನು ಇಟ್ಟಿರುತ್ತಾರೆ. ಅದೇ ಹೊತ್ತಿನಲ್ಲಿ ನಿಯಂತ್ರಣ ಕೊಠಡಿಯ ಕಂಪ್ಯೂಟರುಗಳು ಕಣ್ಣು ಮಿಟುಕಿಸದೆ ಉಳಿಯುವುದು ಬ್ಯಾಟರಿಯಿಂದ. ಇಡೀ ಕಾರ್ಖಾನೆಯನ್ನು ಬದಲಿ ವಿದ್ಯುತ್ತಿನಲ್ಲಿ ನಡೆಸುವುದು ಅಲ್ಲಿಯ ಗುರಿಯಲ್ಲ. ಕೆಡಬಾರದ್ದನ್ನು ಕಾಯುವುದಷ್ಟೇ ಗುರಿ.

ಮುಂಬೈ-ಚೆನ್ನೈ ಮಾರ್ಗಕ್ಕೆ ಸಿಕಂದರಾಬಾದ್ ಕಡೆಯ ಮಾರ್ಗ ಕೂಡುವ ವಾಡಿಯಂಥ ಜಂಕ್ಷನ್ನುಗಳಲ್ಲಿ ಸಿಗ್ನಲ್ ಒಂದು ಕ್ಷಣವೂ ಆರುವಂತಿಲ್ಲ. ರೈಲ್ವೆಯ ಸಿಗ್ನಲ್ ವ್ಯವಸ್ಥೆಯಲ್ಲಿ ಬ್ಯಾಟರಿ ಸದಾ ಸಿದ್ಧವಾಗಿರುತ್ತದೆ, ಕತ್ತಲೆ ಉದ್ದವಾದರೆ ಡೀಸೆಲ್ ಸೆಟ್ ನೆರವಿಗೆ ಬರುತ್ತದೆ. ಮೊಬೈಲ್ ಗೋಪುರದ ಬುಡದಲ್ಲಿರುವ 48 ವೋಲ್ಟಿನ ಬ್ಯಾಟರಿ ಸಾಲು ಮತ್ತು ಜನರೇಟರಿನ ಕ್ರಮವೂ ಇದೇ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಜನರೇಟರ್ ಹೊರಟು ನೆಲೆಗೊಳ್ಳಲು ಬೇಕಾದ ಹತ್ತು-ಹದಿನೈದು ಸೆಕೆಂಡುಗಳನ್ನು ತುಂಬಿಕೊಡುವುದು ಯುಪಿಎಸ್‌ನ ಕೆಲಸ. ಬ್ಯಾಟರಿಗೆ ಚುರುಕು ಉಂಟು, ಉದ್ದದ ಓಟವಿಲ್ಲ. ಎಂಜಿನ್ನಿಗೆ ಇಂಧನ ಇರುವತನಕ ಓಟವುಂಟು, ಚುರುಕಿಲ್ಲ.

ಇದೇ ಕ್ರಮವನ್ನು ಚಿತ್ತಾಪುರದ ಒಂದು ಸಣ್ಣ ನರ್ಸಿಂಗ್ ಹೋಮಿಗೂ ಕಲ್ಯಾಣಮಂಟಪಕ್ಕೂ ಅಳವಡಿಸಬಹುದು. ದೀಪ, ಫ್ಯಾನು, ಕಂಪ್ಯೂಟರ್, ಮಾನಿಟರುಗಳು ಬ್ಯಾಟರಿಗೆ. ಪಂಪು, ಲಿಫ್ಟು, ಎಕ್ಸ್‌-ರೇ, ಹವಾನಿಯಂತ್ರಕ ಜನರೇಟರಿಗೆ. ಜನರೇಟರ್ ಓಡುವಾಗ ಬ್ಯಾಟರಿಯೂ ತುಂಬಿಕೊಳ್ಳುವುದರಿಂದ ಎಂಜಿನ್ನಿಗೆ ತಕ್ಕ ಹೊರೆಯೂ ಸಿಗುತ್ತದೆ. ಜನರೇಟರ್ ಬೇಕಾದ ಹೊತ್ತಿಗೆ ಹೊರಡದಿರಲು ಅತಿ ಸಾಮಾನ್ಯ ಕಾರಣ ಅದರ ಸ್ವಂತ ಸ್ಟಾರ್ಟರ್ ಬ್ಯಾಟರಿ ಸತ್ತಿರುವುದು. ಎಂಜಿನ್ನನ್ನು ನಂಬಿದವರೂ ಕಡೆಗೆ ಬ್ಯಾಟರಿಯನ್ನೇ ನಂಬಿದಂತಾಯಿತು. ತಿಂಗಳಿಗೊಮ್ಮೆ ಅರ್ಧ ಗಂಟೆ ಹೊರೆಯೊಡನೆ ಓಡಿಸುವುದು, ವರ್ಷಗಟ್ಟಲೆ ಡೀಸೆಲ್ ಕೂಡಿಡದಿರುವುದು, ಈ ಎರಡನ್ನು ಪಾಲಿಸಿದರೆ ಇಂಥ ಮುಜುಗರ ತಪ್ಪುತ್ತದೆ.

ವಿದ್ಯುತ್ತಿನ ಬದಲು ವಸ್ತುವನ್ನೇ ಕೂಡಿಡುವುದು

ಕೆಲವು ಕೆಲಸಗಳಿಗೆ ಎರಡೂ ಬೇಡ. ಮೇಲಿನ ತೊಟ್ಟಿ ದೊಡ್ಡದಿದ್ದರೆ ಕರೆಂಟ್ ಇದ್ದಾಗ ತುಂಬಿದ ನೀರು ಇಲ್ಲದಾಗ ಇಳಿದುಬರುತ್ತದೆ. ಒಂದು ಎಚ್‌ಪಿ ಪಂಪಿಗಾಗಿ ಇನ್ವರ್ಟರ್ ಹಿಗ್ಗಿಸುವ ಅಗತ್ಯವಿಲ್ಲ. ಹೊಲದ ಐದು ಎಚ್‌ಪಿ ಪಂಪನ್ನು ನಾಲ್ಕು ಗಂಟೆ ನಡೆಸಲು ಹದಿನೈದು ಯೂನಿಟ್ ಬೇಕು. ಅಷ್ಟನ್ನು ಕೊಡಲು ಮೇಲೆ ಹೇಳಿದಂಥ ಬ್ಯಾಟರಿಗಳು ಹತ್ತಕ್ಕಿಂತ ಹೆಚ್ಚು ಬೇಕಾದಾವು. ಅಲ್ಲಿಗೆ ಕೃಷಿ ಹೊಂಡವೇ ಬ್ಯಾಟರಿ. ತೀರಾ ಅನಿವಾರ್ಯವಾದರೆ, ಜನರೇಟರ್ ತಂದು ಅದರಿಂದ ಮೋಟರ್ ತಿರುಗಿಸುವುದಕ್ಕಿಂತ ಪಂಪನ್ನೇ ನೇರವಾಗಿ ತಿರುಗಿಸುವ ಡೀಸೆಲ್ ಪಂಪ್‌ಸೆಟ್ ಮಿತವ್ಯಯದ್ದು. ನಡುವಿನ ಎರಡು ಪರಿವರ್ತನೆಗಳ ನಷ್ಟ ಉಳಿಯುತ್ತದೆ.

ಲಸಿಕೆಗಳ ಸಂಗ್ರಹದಲ್ಲಿ ಆರೋಗ್ಯ ಇಲಾಖೆ ಅನುಸರಿಸುವುದು ಇದೇ ತತ್ವ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿರುವ ಐಎಲ್‌ಆರ್ ಎಂಬ ವಿಶೇಷ ಫ್ರಿಜ್ಜಿನ ಗೋಡೆಯೊಳಗೆ ಮಂಜುಗಡ್ಡೆಯ ಪದರವಿರುತ್ತದೆ. ಹೊರಗೆ 43 ಡಿಗ್ರಿ ಇದ್ದರೂ, ಮುಚ್ಚಳ ತೆರೆಯದಿದ್ದರೆ ಇಪ್ಪತ್ತು ಗಂಟೆಯಷ್ಟು ಕಾಲ ಅದು ತಂಪನ್ನು ಕಾಯುವಂತೆ ರೂಪಿಸಲಾಗಿದೆ. ಮನೆಯ ಸಾಮಾನ್ಯ ಫ್ರಿಜ್ಜು ಬಾಗಿಲು ಹಾಕಿದ್ದರೆ ಸುಮಾರು ನಾಲ್ಕು ಗಂಟೆ ತಾಳುತ್ತದೆ, ಇಲ್ಲಿಯ ಬೇಸಿಗೆಯಲ್ಲಿ ಅದಕ್ಕಿಂತ ಕಡಿಮೆ.

ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬಳಸುವ ರೋಗಿಯಿರುವ ಮನೆಯಲ್ಲಿ ಮಾತ್ರ ಲೆಕ್ಕಾಚಾರಕ್ಕೆ ಸಡಿಲಿಕೆಯಿಲ್ಲ. ಐದು ಲೀಟರಿನ ಯಂತ್ರ 300ರಿಂದ 350 ವ್ಯಾಟ್ ಬೇಡುತ್ತದೆ. ಒಂದು ಬ್ಯಾಟರಿ ಅದೊಂದನ್ನೇ ನಡೆಸಿದರೂ ಮೂರು ಗಂಟೆಗೆ ಸೋಲುತ್ತದೆ, ಹಳೆಯದಾಗಿದ್ದರೆ ಒಂದೂವರೆ ಗಂಟೆಗೇ. ಜನರೇಟರಿದ್ದರೂ ನಡುರಾತ್ರಿ ಅದನ್ನು ಹೊರಡಿಸಬಲ್ಲವರು ಮನೆಯಲ್ಲಿ ಇರಬೇಕಲ್ಲ. ಒಂದೂವರೆ ಘನ ಮೀಟರ್ ಅನಿಲ ಹಿಡಿಸುವ ಬಿ ಟೈಪ್ ಸಿಲಿಂಡರ್ ನಿಮಿಷಕ್ಕೆ ಎರಡು ಲೀಟರ್ ಹರಿವಿನಲ್ಲಿ ಹನ್ನೆರಡು ಗಂಟೆ ನಡೆಯುತ್ತದೆ. ಬ್ಯಾಟರಿ ಇರಲಿ, ಜನರೇಟರ್ ಇರಲಿ, ತುಂಬಿದ ಸಿಲಿಂಡರ್ ಒಂದು ರೆಗ್ಯುಲೇಟರ್ ಸಹಿತ ಮಂಚದ ಪಕ್ಕದಲ್ಲಿರಬೇಕು, ಅದನ್ನು ತೆರೆಯುವ ಕ್ರಮ ಮನೆಯ ಇಬ್ಬರಿಗಾದರೂ ಗೊತ್ತಿರಬೇಕು. ಹರಿವು ಎಷ್ಟೆಂದು ವೈದ್ಯರೇ ಹೇಳಬೇಕು.

ಮಾಳಿಗೆಯ ಸೋಲಾರ್ ಬಗ್ಗೆ ಒಂದು ತಪ್ಪುಕಲ್ಪನೆ

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮೂರು ಕಿಲೊವ್ಯಾಟ್ ಘಟಕಕ್ಕೆ 78 ಸಾವಿರ ರೂಪಾಯಿ ಕೇಂದ್ರ ಸಹಾಯಧನ ಗೊತ್ತಾದ ಮೇಲೆ ಮಾಳಿಗೆಗಳ ಮೇಲೆ ಫಲಕಗಳು ಹೆಚ್ಚಾಗಿವೆ. ಫಲಕವಿದ್ದರೆ ಕರೆಂಟ್ ಹೋದಾಗಲೂ ಮನೆ ನಡೆಯುತ್ತದೆ ಎಂದು ನಂಬಿದವರಿಗೆ ಮೊದಲ ಮಧ್ಯಾಹ್ನವೇ ನಿರಾಶೆ ಕಾದಿರುತ್ತದೆ. ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಘಟಕ ಜಾಲದಲ್ಲಿ ವಿದ್ಯುತ್ ಹೋದೊಡನೆ ತಾನೂ ನಿಲ್ಲುವಂತೆ ರೂಪುಗೊಂಡಿದೆ. ಸತ್ತಿದೆಯೆಂದು ತಿಳಿದು ತಂತಿ ಮುಟ್ಟುವ ಲೈನ್‌ಮನ್‌ನ ಜೀವ ಉಳಿಸಲು ಈ ಏರ್ಪಾಡು. ಬದಲಿ ವಿದ್ಯುತ್ತೂ ಬೇಕೆನ್ನುವವರು ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಮೊದಲೇ ಕೇಳಿ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಗೆ ಮಾಡಿದರೆ, ಈ ಸೀಮೆಯ ಬಿಸಿಲಿನಲ್ಲಿ, ಜಾಲ ಎರಡು ದಿನ ಬಾರದಿದ್ದರೂ ಹಗಲು ತುಂಬಿಕೊಂಡು ರಾತ್ರಿ ಬೆಳಗಿಸಬಹುದು. ಪೆಟ್ರೋಲ್ ಬಂಕ್ ದೂರವಿರುವ ಚಿಂಚೋಳಿ ತಾಲ್ಲೂಕಿನ ಒಳಹಳ್ಳಿಗಳಿಗೆ ಇದು ಜನರೇಟರಿಗಿಂತ ಹೊಂದುವ ಉತ್ತರ.

ಜೀವಕ್ಕೆ ಮುಟ್ಟುವ ಮೂರು ತಪ್ಪುಗಳು

ಮಳೆ ಬರುತ್ತಿದೆಯೆಂದು ಜನರೇಟರನ್ನು ಪಡಸಾಲೆಗೋ ಅಂಗಡಿಯ ಷಟರ್ ಒಳಗೋ ಎಳೆದು ಓಡಿಸುವುದು ಮೊದಲ ತಪ್ಪು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರು ಏಳುವುದೇ ಇಲ್ಲ. ಕಿಟಕಿ ತೆರೆದರೆ ಸಾಕು ಎಂಬ ನಂಬಿಕೆ ತಪ್ಪು. ಯಂತ್ರ ಗೋಡೆಯ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರ ಇರಬೇಕು.

ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಜೋಡಿಸುವುದು ಇನ್ನೊಂದು. ಮೇನ್ ಆಫ್ ಮಾಡಲು ಮರೆತರೆ ಮನೆಯ 230 ವೋಲ್ಟ್ ಬೀದಿಯ ಪರಿವರ್ತಕಕ್ಕೆ ಹಿಮ್ಮುಖವಾಗಿ ಹೋಗಿ 11 ಸಾವಿರ ವೋಲ್ಟಾಗಿ ತಂತಿಗೇರುತ್ತದೆ. ಕಂಬದ ಮೇಲೆ ದುರಸ್ತಿಗೆ ಹತ್ತಿದವನಿಗೆ ಅದು ಸಾವು. ಚೇಂಜ್‌ಓವರ್ ಸ್ವಿಚ್ಚಿನ ಬೆಲೆ ಜನರೇಟರಿನ ಬೆಲೆಯ ಮುಂದೆ ಏನೂ ಅಲ್ಲ.

ಓಡುತ್ತಿರುವ ಎಂಜಿನ್ನಿಗೆ ಇಂಧನ ಸುರಿಯುವುದು ಮೂರನೆಯದು. ಪೆಟ್ರೋಲ್ ಸೆಟ್ಟುಗಳಲ್ಲಿ ಈ ಅಪಾಯ ಹೆಚ್ಚು. ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು ಸುರಿಯಬೇಕು.

ಬ್ಯಾಟರಿಯ ಕೊನೆಯ ದಿನದ ಬಗ್ಗೆಯೂ ಕಾನೂನು ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಸೀಸಕ್ಕೆ ಬೆಲೆ ಇರುವುದರಿಂದ ಹೊಸದು ಕೊಳ್ಳುವಾಗ ಹಳೆಯದಕ್ಕೆ ಅಂಗಡಿಯಲ್ಲಿ ಹಣ ಮುರಿದುಕೊಡುತ್ತಾರೆ. ಕೊಳ್ಳುವ ಮೊದಲೇ ಎಷ್ಟೆಂದು ಕೇಳಿಕೊಳ್ಳಬಹುದು. ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಗುಜರಿಯವರಿಗೆ ಕೊಟ್ಟರೆ ಆಮ್ಲ ಯಾವುದೋ ಚರಂಡಿಗೆ ಹೋಗುತ್ತದೆ, ಸೀಸದ ಪುಡಿ ಹಿತ್ತಿಲಿನಲ್ಲಿ ಆಡುವ ಮಕ್ಕಳ ಕೈಗೆ ಅಂಟುತ್ತದೆ.